ಕಪ್ ನಮ್ದು ಅಂದ್ರೆ ಯಾರ್ದು?

2013ರ ಸೆಪ್ಟೆಂಬರ್. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಎರಡು ವರ್ಷ ಆಗಿತ್ತು. ನನ್ನದು ರಾತ್ರಿ ಪಾಳಿಯ ಸಪೋರ್ಟ್ ಕೆಲಸ. ಕ್ಲೈಂಟ್ ಇದ್ದದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅಲ್ಲಿ ಬೆಳಗ್ಗೆ ಎಂಟು ಅಂದರೆ ನಮಗೆ ರಾತ್ರಿ ಒಂದೂವರೆ. ದಿನಾ ಆ ಹೊತ್ತಿಗೆ ಒಂದು ಕಾಲ್ ಇರುತ್ತಿತ್ತು. ಆ ತಿಂಗಳು ಮಾತ್ರ ಕಾಲ್‌ಗೆ ಯಾರೂ ಸರಿಯಾಗಿ ಬರುತ್ತಿರಲಿಲ್ಲ. ಬಂದರೂ ಹಿಂದೆ ಟಿವಿಯ ಕಾಮೆಂಟರಿ ಕೇಳುತ್ತಿತ್ತು. ಏನಪ್ಪಾ ಇದು ಅಂತ ಕೇಳಿದರೆ, ಹಾಯಿದೋಣಿ ರೇಸ್ ಅಂದರು. ಅಮೆರಿಕಾಸ್ ಕಪ್.

ನನಗೆ ಹಾಯಿದೋಣಿ ಅಂದರೆ ಪಾಠದ ಪುಸ್ತಕದಲ್ಲಿ ನೋಡಿದ ಚಿತ್ರ, ಅಷ್ಟೆ. ನಮ್ಮೂರಲ್ಲಿ ಇರೋದು ಒಂದು ಕೆರೆ. ಅದರಲ್ಲಿ ಮೀನು ಹಿಡಿಯೋರ ಹರಿಗೋಲು ಒಂದು ಇತ್ತು, ಅದೂ ತೂತು. ಆದರೂ ನಾನು ಆ ರಾತ್ರಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ರೇಸುಗಳನ್ನು ಒಂದು ಕಿಟಕಿಯಲ್ಲಿ, ಕ್ಲೈಂಟಿನ ಡೇಟಾಬೇಸನ್ನು ಇನ್ನೊಂದು ಕಿಟಕಿಯಲ್ಲಿ ಇಟ್ಟುಕೊಂಡು ನೋಡಿದೆ. ತಮಾಷೆ ಏನಂದ್ರೆ ಆ ಡೇಟಾಬೇಸ್ ಒರಾಕಲ್‌ದು. ನ್ಯೂಜಿಲೆಂಡಿನ ಎದುರು ಓಡುತ್ತಿದ್ದ ದೋಣಿಯೂ ಒರಾಕಲ್‌ದೇ. ಆ ಕಂಪನಿ ಕಟ್ಟಿದ ಲ್ಯಾರಿ ಎಲಿಸನ್ ಅವರ ತಂಡ, ಹೆಸರು ಒರಾಕಲ್ ಟೀಮ್ ಯುಎಸ್ಎ.

ಎರಡು ಹೊಟ್ಟೆಯ, 72 ಅಡಿ ಉದ್ದದ ದೋಣಿಗಳು ಅವು. ಮೇಲೆ ಬಟ್ಟೆಯ ಹಾಯಿಗೆ ಬದಲು ವಿಮಾನದ ರೆಕ್ಕೆಯಂಥದ್ದು ನೆಟ್ಟಗೆ ನಿಂತಿರುತ್ತೆ. ನೀರೊಳಗೆ ಫಾಯಿಲ್ ಅನ್ನೋ ಸಣ್ಣ ರೆಕ್ಕೆಗಳು. ವೇಗ ಏರಿದ ಹಾಗೆ ಆ ರೆಕ್ಕೆಗಳು ಇಡೀ ದೋಣಿಯನ್ನು ನೀರಿಂದ ಮೇಲಕ್ಕೆ ಎತ್ತುತ್ತವೆ. ಆಮೇಲೆ ಅದು ಓಡೋದಲ್ಲ, ಹಾರೋದು. ಅಷ್ಟು ದೊಡ್ಡ ದೋಣಿಯನ್ನು ಹಾಗೆ ಹಾರಿಸೋದನ್ನು ಮೊದಲು ಮಾಡಿ ತೋರಿಸಿದ್ದು ನ್ಯೂಜಿಲೆಂಡಿನೋರು.

ಮೊದಲು ಒಂಬತ್ತು ರೇಸ್ ಗೆದ್ದವರಿಗೆ ಕಪ್. ನ್ಯೂಜಿಲೆಂಡ್ 8-1ರಲ್ಲಿ ಮುಂದಿತ್ತು. ಇನ್ನೊಂದೇ ಒಂದು ಗೆಲುವು ಬೇಕಿತ್ತು. ಒಂದು ದಿನ ಬಹಳ ಮುಂದೆ ಇದ್ದರು, ಆದರೆ ಗಾಳಿ ಬಿದ್ದುಹೋಗಿ 40 ನಿಮಿಷದ ಗಡುವು ಮುಗಿದು ಆ ರೇಸೇ ರದ್ದಾಯ್ತು. 8-1 ಆದಮೇಲೆ ಒರಾಕಲ್ ಸಾಲಾಗಿ ಎಂಟು ರೇಸ್ ಗೆದ್ದಿತು. ಹಿಂದೊಂದು ಸರಣಿಯಲ್ಲಿ ನಿಯಮ ಮೀರಿ ದೋಣಿಗೆ ತೂಕ ಸೇರಿಸಿದ್ದಕ್ಕೆ ಅವರಿಗೆ ಎರಡು ಅಂಕದ ದಂಡ ಬೇರೆ ಬಿದ್ದಿತ್ತು. ಅದನ್ನೂ ತೀರಿಸಿ, 9-8ರಲ್ಲಿ ಕಪ್ ಉಳಿಸಿಕೊಂಡರು. ಕೊನೆಯ ರೇಸ್ ಮುಗಿದಾಗ ನಮಗೆ ನಡುರಾತ್ರಿ ಎರಡು ದಾಟಿತ್ತು. ಕಾಲ್‌ನಲ್ಲಿ ಇದ್ದ ಆಕ್ಲೆಂಡಿನ ಹಿರಿಯರೊಬ್ಬರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಮಾತು ಹೇಳಿದರು: 'ಗೆದ್ದ ದೋಣಿಯಲ್ಲಿ ಅಮೆರಿಕದೋನು ಒಬ್ಬನೇ ಒಬ್ಬ ಇದ್ದಾನೆ, ಗೊತ್ತಾ?'

ಆ ಮಾತು ಹನ್ನೆರಡು ವರ್ಷದಿಂದ ನನ್ನ ತಲೆಯಲ್ಲಿ ಇದೆ. ಅದು ಸುಳ್ಳಲ್ಲ. ಒರಾಕಲ್‌ನ ಚುಕ್ಕಾಣಿ ಹಿಡಿದಿದ್ದ ಜಿಮ್ಮಿ ಸ್ಪಿಟ್‌ಹಿಲ್ ಆಸ್ಟ್ರೇಲಿಯಾದವನು. ನಡುವೆ ಬಂದು ಆಟ ತಿರುಗಿಸಿದ ಬೆನ್ ಐನ್ಸ್‌ಲಿ ಬ್ರಿಟನ್ನಿನವನು. ಇಡೀ ತಂಡದ ಮುಖ್ಯಸ್ಥ ರಸೆಲ್ ಕೂಟ್ಸ್ ನ್ಯೂಜಿಲೆಂಡಿನವನೇ. ಒರಾಕಲ್‌ಗೆ ದೋಣಿಯ ಭಾಗಗಳನ್ನು ಕಟ್ಟಿಕೊಡುತ್ತಿದ್ದ ಕಾರ್ಖಾನೆ ಕೂಡ ಆಕ್ಲೆಂಡಿನ ಉತ್ತರಕ್ಕಿರುವ ವಾರ್ಕ್‌ವರ್ತ್ ಅನ್ನೋ ಊರಲ್ಲಿತ್ತು. ಹಾಗಾದರೆ ಆವತ್ತು ಗೆದ್ದಿದ್ದು ಯಾರು, ಸೋತಿದ್ದು ಯಾರು?

ಇದು ಬರೀ ದೋಣಿಯ ಪ್ರಶ್ನೆ ಅಲ್ಲ ಅಂತ ಕನ್ನಡದೋರಿಗೆ ಹೇಳಬೇಕಾಗಿಲ್ಲ. 'ಈ ಸಲ ಕಪ್ ನಮ್ದೇ' ಅಂತ ಹದಿನೆಂಟು ವರ್ಷ ಕೂಗಿ, 2025ರ ಜೂನ್ 3ರಂದು ಆರ್‌ಸಿಬಿ ಗೆದ್ದಾಗ ನಾನೂ ಕುಣಿದೆ. ಮೈದಾನದಲ್ಲಿ ಕನ್ನಡ ಬರೋರು ಎಷ್ಟು ಜನ ಇದ್ದರು ಅಂತ ಎಣಿಸಲಿಲ್ಲ. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. 'ನಮ್ದು' ಅನ್ನೋದು ಆಟದ ಮಾತು, ಹಗುರ ಮಾತು ಅಂತ ಅವತ್ತಿನಿಂದ ನನಗೆ ಅನಿಸಿಲ್ಲ. ಅದಕ್ಕೇ ಕೇಳ್ತಾ ಇದ್ದೀನಿ. ಒಂದು ತಂಡ 'ನಮ್ಮದು' ಆಗೋದು ಹೇಗೆ? ನಮ್ಮೋನು ಬೇರೆಯವರ ದೋಣಿ ಹತ್ತಿದರೆ ಅದು ದ್ರೋಹವಾ? ನಿಷ್ಠೆ ಅನ್ನೋದನ್ನು ಯಾರು ಯಾರಿಂದ ಕೇಳಬಹುದು? ಈ ಪ್ರಶ್ನೆಗಳಿಗೆ ನ್ಯೂಜಿಲೆಂಡಿನ ತಂಡದ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಕಪ್ಪಿನ ವಿಷಯ. ಅದಕ್ಕೆ ಆ ಹೆಸರು ಬಂದಿದ್ದು ದೇಶದಿಂದ ಅಲ್ಲ. 1851ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸುತ್ತ ನಡೆದ ರೇಸನ್ನು ಗೆದ್ದ ದೋಣಿಯ ಹೆಸರು 'ಅಮೆರಿಕ'. ಆ ದೋಣಿಯ ಮಾಲೀಕರು ಕಪ್ಪನ್ನು ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ಒಂದು ದಾನಪತ್ರ ಬರೆದು ಕೊಟ್ಟರು. ಬೇರೆ ಬೇರೆ ದೇಶಗಳ ನಡುವಿನ ಸ್ನೇಹದ ಸ್ಪರ್ಧೆಗೆ ಇದು ಇರಲಿ ಅಂತ ಅದರಲ್ಲಿದೆ. ಆಮೇಲೆ ಪತ್ರವನ್ನು ತಿದ್ದಿ, ಸವಾಲು ಹಾಕೋರ ದೋಣಿ ಅವರ ದೇಶದಲ್ಲೇ ಕಟ್ಟಿದ್ದಾಗಿರಬೇಕು ಅಂತ ಸೇರಿಸಿದರು. ದೋಣಿ ಓಡಿಸೋರು ಯಾವ ದೇಶದೋರು ಆಗಿರಬೇಕು ಅನ್ನೋದರ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ನನಗೆ ಇದು ಬಹಳ ಅರ್ಥಪೂರ್ಣ ಅನಿಸುತ್ತೆ. ಆ ಕಾಲದ ಸಾಹುಕಾರರಿಗೆ ದೋಣಿ ಮುಖ್ಯ, ಕ್ಲಬ್ಬು ಮುಖ್ಯ. ಹಗ್ಗ ಎಳೆಯೋರು ಕೂಲಿಯೋರು. ಕೂಲಿಯೋರಿಗೆ ದೇಶ ಎಲ್ಲಿಂದ ಬಂತು?

ನ್ಯೂಯಾರ್ಕಿನೋರು ಆ ಕಪ್ಪನ್ನು 132 ವರ್ಷ ಬಿಟ್ಟುಕೊಡಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾ ಕಿತ್ತುಕೊಂಡಿತು. ಆಮೇಲೆ ಪಕ್ಕದ ನ್ಯೂಜಿಲೆಂಡಿಗೂ ಆಸೆ ಹುಟ್ಟಿತು. ಮೂರು ಸಲ ಪ್ರಯತ್ನ ಮಾಡಿ ಸೋತರು. ನಾಲ್ಕನೇ ಸಲ, 1995ರಲ್ಲಿ, ಸ್ಯಾನ್ ಡಿಯಾಗೋದಲ್ಲಿ ಅಮೆರಿಕದವರನ್ನು 5-0ರಲ್ಲಿ ಸೋಲಿಸಿದರು. ತಂಡದ ಯಜಮಾನ ಪೀಟರ್ ಬ್ಲೇಕ್, ಚುಕ್ಕಾಣಿ ರಸೆಲ್ ಕೂಟ್ಸ್‌ದು, ಪಕ್ಕದಲ್ಲಿ ನಿಂತು ಗಾಳಿಯ ಲೆಕ್ಕ ಹೇಳುತ್ತಿದ್ದವನು ಬ್ರಾಡ್ ಬಟರ್‌ವರ್ತ್.

ಆ ವರ್ಷ ಬ್ಲೇಕ್ ಕೆಂಪು ಕಾಲುಚೀಲ ಹಾಕಿಕೊಂಡು ದೋಣಿ ಹತ್ತುತ್ತಿದ್ದ. ಹೆಂಡತಿ ಕೊಟ್ಟಿದ್ದು. ಅದು ಅದೃಷ್ಟದ ಕಾಲುಚೀಲ ಅಂತಾಗಿ, ದೇಶದ ತುಂಬಾ ಜನ ಕೆಂಪು ಕಾಲುಚೀಲ ಕೊಂಡು ಹಾಕಿಕೊಂಡರು. ಆ ದುಡ್ಡು ತಂಡಕ್ಕೆ ಹೋಯ್ತು. ಶ್ರೀಮಂತರ ಆಟ ಅನ್ನಿಸಿಕೊಂಡಿದ್ದು ಒಂದು ಜೊತೆ ಕಾಲುಚೀಲದಿಂದ ಊರ ಜಾತ್ರೆ ಆಯ್ತು. ಕುರಿ ಸಾಕೋರೂ, ಸ್ಕೂಲ್ ಮಕ್ಕಳೂ ಕಾಲುಚೀಲ ಹಾಕಿದರು. ಅವರಿಗೆಲ್ಲ ಆ ತಂಡದಲ್ಲಿ ಒಂದು ಪಾಲು ಬಂತು. ನಾನು ಹೇಳೋದು ಕಾನೂನಿನ ಪಾಲಲ್ಲ, ಮನಸ್ಸಿನ ಪಾಲು. ಜಗಳ ಶುರುವಾಗೋದು ಯಾವಾಗಲೂ ಈ ಎರಡನೇ ಪಾಲಿನಿಂದಲೇ.

ಎಲ್ಲರಿಗೂ ಪಾಲು ಸಿಕ್ಕಿತ್ತು ಅಂತಲೂ ಅಲ್ಲ. 1997ರಲ್ಲಿ ಆಕ್ಲೆಂಡಿನ ಕ್ಲಬ್ಬಿನಲ್ಲಿ ಇಟ್ಟಿದ್ದ ಕಪ್ಪನ್ನು ಒಬ್ಬ ಮಾವೋರಿ ಹೋರಾಟಗಾರ ಸುತ್ತಿಗೆಯಿಂದ ಜಜ್ಜಿ ಹಾಕಿದ. ಅದನ್ನು ಲಂಡನ್ನಿಗೆ ಕಳಿಸಿ, ಮೊದಲು ಮಾಡಿದ್ದ ಅಕ್ಕಸಾಲಿಗರ ಅಂಗಡಿಯಲ್ಲೇ ಸರಿ ಮಾಡಿಸಬೇಕಾಯ್ತು. ಅವನಿಗೆ ಶಿಕ್ಷೆ ಆಯ್ತು. ಅವನು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಯೋಚನೆ ಮಾಡಿ. ಬಿಳಿಯರು ಬರೋಕೆ ನೂರಾರು ವರ್ಷ ಮುಂಚೆ ಪೆಸಿಫಿಕ್ ಸಾಗರವನ್ನು ದೋಣಿಗಳಲ್ಲಿ ದಾಟಿ ಆ ನೆಲಕ್ಕೆ ಬಂದೋರು ಮಾವೋರಿ ಜನರ ಹಿರೀಕರು. ದೋಣಿ ವಿದ್ಯೆ ಅವರ ಹೆಮ್ಮೆ. 'ಕಪ್ ನಮ್ಮ ದೇಶದ್ದು' ಅಂತ ಎಲ್ಲರೂ ಕುಣಿಯುವಾಗ, ದೇಶ ಯಾರದು ಅನ್ನೋ ಪ್ರಶ್ನೆ ಇನ್ನೂ ತೀರಿರಲಿಲ್ಲ. ಈಚಿನ ವರ್ಷಗಳಲ್ಲಿ ತಂಡದ ದೋಣಿಗಳಿಗೆ ಮಾವೋರಿ ಹೆಸರುಗಳಿವೆ. ಆ ಹೆಸರುಗಳನ್ನು ಆಕ್ಲೆಂಡಿನ ಒಂದು ಮಾವೋರಿ ಕುಲದವರೇ ಕೊಟ್ಟಿದ್ದಾರೆ. ಪಾಲು ತಡವಾಗಿ ಬಂದರೂ ಬಂತು.

ಈಗ ಕಥೆಯ ಮುಖ್ಯ ಭಾಗ. 2000ದಲ್ಲಿ ಆಕ್ಲೆಂಡಿನಲ್ಲೇ ಇಟಲಿಯ ತಂಡವನ್ನು 5-0ರಲ್ಲಿ ಸೋಲಿಸಿ ನ್ಯೂಜಿಲೆಂಡ್ ಕಪ್ ಉಳಿಸಿಕೊಂಡಿತು. ಕೊನೆಯ ರೇಸಿನಲ್ಲಿ ಕೂಟ್ಸ್ ಚುಕ್ಕಾಣಿಯನ್ನು ತಾನು ಹಿಡಿಯದೆ ಡೀನ್ ಬಾರ್ಕರ್ ಅನ್ನೋ ಹುಡುಗನ ಕೈಗೆ ಕೊಟ್ಟ. ಎಂಥ ದೊಡ್ಡತನ ಅಂತ ಊರೆಲ್ಲ ಹೊಗಳಿತು. ಕೆಲವೇ ತಿಂಗಳಲ್ಲಿ ಕೂಟ್ಸ್, ಬಟರ್‌ವರ್ತ್ ಮತ್ತು ಇನ್ನೂ ಕೆಲವರು ಸ್ವಿಟ್ಜರ್ಲೆಂಡಿನ ಸಾಹುಕಾರ ಅರ್ನೆಸ್ಟೊ ಬರ್ಟರೆಲ್ಲಿಯ 'ಅಲಿಂಗಿ' ತಂಡ ಸೇರಿದರು. ಸ್ವಿಟ್ಜರ್ಲೆಂಡಿಗೆ ಸಮುದ್ರವೇ ಇಲ್ಲ!

ಊರು ಉರಿದುಹೋಯ್ತು. ದುಡ್ಡಿಗಿಂತ ದೇಶ ಮೊದಲು ಅಂತ 'ಬ್ಲ್ಯಾಕ್‌ಹಾರ್ಟ್' ಅನ್ನೋ ಹೆಸರಿನ ಪ್ರಚಾರವೇ ನಡೆಯಿತು. ಅಲಿಂಗಿಯೋರಿಗೆ ಬೆದರಿಕೆ ಪತ್ರವೂ ಬಂತು. 2003ರಲ್ಲಿ ಅದೇ ಆಕ್ಲೆಂಡ್ ನೀರಿನಲ್ಲಿ ಕೂಟ್ಸ್ ತನ್ನ ಹಳೇ ತಂಡವನ್ನು 5-0ರಲ್ಲಿ ಸೋಲಿಸಿದ. ನ್ಯೂಜಿಲೆಂಡಿನ ದೋಣಿಗೆ ಮೊದಲ ರೇಸಿನಲ್ಲೇ ನೀರು ನುಗ್ಗಿತು, ನಾಲ್ಕನೇ ರೇಸಿನಲ್ಲಿ ಕಂಬವೇ ಮುರಿಯಿತು. ಕಪ್ ಸ್ವಿಟ್ಜರ್ಲೆಂಡಿಗೆ ಹೋಯ್ತು.

ಕೂಟ್ಸ್ ದ್ರೋಹಿಯಾ? ನನ್ನ ಮೊದಲ ಉತ್ತರ ಯಾವಾಗಲೂ 'ಅಲ್ಲ' ಅಂತಲೇ. ನಾನೂ ಊರು ಬಿಟ್ಟೋನು, ಬೇರೆ ದೇಶದ ಕಂಪನಿಗಳಿಗೆ ಕೋಡ್ ಬರೆದು ಸಂಬಳ ತಗೊಳ್ಳೋನು. ಕೂಟ್ಸ್‌ನನ್ನು ಬೈದರೆ ನನ್ನನ್ನೇ ಬೈದುಕೊಂಡ ಹಾಗೆ. ವಿದ್ಯೆ ಅವನದು, ಬೆವರು ಅವನದು. ಎಲ್ಲಿ ಬೆಲೆ ಇದೆಯೋ ಅಲ್ಲಿಗೆ ಹೋದ. ಇದರಲ್ಲಿ ತಪ್ಪೇನು?

ಆದರೆ ಈ ಉತ್ತರ ಅರ್ಧ ಮಾತ್ರ. ವಿದ್ಯೆ ಪೂರ್ತಿ ಅವನದೇ ಅಲ್ಲ. ನ್ಯೂಜಿಲೆಂಡಿನ ಮಕ್ಕಳು ಹಾಯಿದೋಣಿ ಕಲಿಯುತ್ತಿದ್ದದ್ದು 'ಪಿ ಕ್ಲಾಸ್' ಅನ್ನೋ ಏಳೇ ಅಡಿ ಉದ್ದದ ಪುಟ್ಟ ದೋಣಿಯಲ್ಲಿ. ಸುಲಭಕ್ಕೆ ಮಾತು ಕೇಳದ ದೋಣಿ ಅದು. ಕೂಟ್ಸ್ ಕೂಡ ಅದರಲ್ಲೇ ಕಲಿತು ಬಂದೋನು. ಆ ದೋಣಿಯನ್ನು ಯಾರೋ ಕಟ್ಟಿರ್ತಾರೆ. ಭಾನುವಾರ ಚಳಿಯಲ್ಲಿ ದಡದಲ್ಲಿ ನಿಂತು ಯಾರದೋ ಅಪ್ಪ ಹುಡುಗರ ಸಮಯ ಬರೆದುಕೊಂಡಿರ್ತಾನೆ. ಸಂಬಳ ಇಲ್ಲದೆ ಯಾರೋ ಪಾಠ ಹೇಳಿರ್ತಾರೆ. ಈ ಸಾಲ ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಇಲ್ಲದ ಸಾಲವನ್ನು ತೀರಿಸದೇ ಇರೋದು ಸುಲಭ, ಇಲ್ಲ ಅನ್ನೋದು ಕಷ್ಟ.

ನನಗೂ ಅಂಥ ಒಂದು ಸಾಲ ಇದೆ. ಹೈಸ್ಕೂಲಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಸಂಜೆ ಅವರ ಮನೆ ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ದುಡ್ಡು ತಗೊಳ್ಳಲಿಲ್ಲ. ಕರೆಂಟ್ ಹೋದರೆ ಅವರ ಮನೆಯೋರು ಲಾಟೀನು ತಂದಿಡುತ್ತಿದ್ದರು. ಆ ಜಗಲಿ ಇಲ್ಲದಿದ್ದರೆ ನನಗೆ ಸಿಇಟಿಯಲ್ಲಿ ಆ ರ‍್ಯಾಂಕ್ ಬರುತ್ತಿರಲಿಲ್ಲ, ಬಿಇ ಸೀಟು ಸಿಗುತ್ತಿರಲಿಲ್ಲ. ಹಾಗಂತ ನಾನು ಊರಲ್ಲೇ ಉಳಿದಿದ್ದರೆ ಆ ಸಾಲ ತೀರುತ್ತಿತ್ತಾ? ಮೇಷ್ಟ್ರು ಲೆಕ್ಕ ಹೇಳಿಕೊಟ್ಟಿದ್ದೇ ನಾವು ಊರು ದಾಟಲಿ ಅಂತ. ಹೋಗಲಿ ಅಂತ ಕಲಿಸಿದೋರು ಹೋಗಿದ್ದಕ್ಕೆ ಬೈಯಲ್ಲ. ಅವರು ಕೇಳೋದೇ ಬೇರೆ. ಅದನ್ನು ಕೊನೆಗೆ ಹೇಳ್ತೀನಿ.

ಕೂಟ್ಸ್ ಹೋದಾಗ ಉಳಿದವನು ಯಾರು? ಡೀನ್ ಬಾರ್ಕರ್. ಕೊನೆಯ ರೇಸಿನಲ್ಲಿ ಚುಕ್ಕಾಣಿ ಸಿಕ್ಕಿದ್ದ ಹುಡುಗ. ನನಗೆ ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಡೋನು ಅವನೇ. 2003ರಲ್ಲಿ ನೀರು ತುಂಬಿದ ದೋಣಿಯ ಚುಕ್ಕಾಣಿ ಅವನ ಕೈಯಲ್ಲಿತ್ತು. 2007ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಅಲಿಂಗಿ ಎದುರು ಮತ್ತೆ ಸೋತ, 5-2. 2013ರಲ್ಲಿ 8-1ರಿಂದ ಸೋತ ದೋಣಿಯೂ ಅವನದೇ. ಇಷ್ಟು ವರ್ಷ ನಿಂತೋನನ್ನು 2015ರಲ್ಲಿ ತಂಡ ಚುಕ್ಕಾಣಿಯಿಂದ ಇಳಿಸಿತು. ಅವನು ಜಪಾನಿನ ತಂಡಕ್ಕೆ ಹೋದ, ಆಮೇಲೆ ಅಮೆರಿಕದ ತಂಡಕ್ಕೆ.

ತಂಡ ಮಾಡಿದ್ದು ತಪ್ಪಾ? ಫಲಿತಾಂಶ ನೋಡಿದರೆ ಹಾಗೆ ಹೇಳೋಕಾಗಲ್ಲ. ಅವನ ಜಾಗಕ್ಕೆ ಬಂದ ಪೀಟರ್ ಬರ್ಲಿಂಗ್‌ಗೆ 2017ರಲ್ಲಿ ಬರ್ಮುಡಾದಲ್ಲಿ ಕಪ್ ಗೆದ್ದಾಗ 26 ವರ್ಷ. ಅದೇ ಒರಾಕಲ್‌ನ 7-1ರಲ್ಲಿ ಸೋಲಿಸಿದರು. ಆ ಸಲ ಅವರ ಹತ್ತಿರ ದುಡ್ಡು ಕಮ್ಮಿ, ಬುದ್ಧಿ ಜಾಸ್ತಿ. ದೋಣಿಯ ರೆಕ್ಕೆಗಳನ್ನು ಅಲ್ಲಾಡಿಸೋಕೆ ಎಣ್ಣೆಯ ಒತ್ತಡ ಬೇಕು, ಆ ಒತ್ತಡ ಬರೋದು ಮನುಷ್ಯರ ಶಕ್ತಿಯಿಂದ. ಎಲ್ಲರೂ ಕೈಯಿಂದ ತಿರುಗಿಸುವ ಹಿಡಿಕೆ ಇಟ್ಟುಕೊಂಡಿದ್ದರೆ, ಇವರು ದೋಣಿಯ ಮೇಲೆ ಸೈಕಲ್ ಪೆಡಲ್ ಹಾಕಿಬಿಟ್ಟರು. ಕೈಗಿಂತ ಕಾಲಿಗೆ ಬಲ ಹೆಚ್ಚು, ಅಷ್ಟೇ ಲೆಕ್ಕ. ಒಲಿಂಪಿಕ್ಸ್ ಪದಕ ಗೆದ್ದ ಸೈಕಲ್ ಪಟುವನ್ನೇ ಕರೆತಂದು ಕೂರಿಸಿದರು. ನಡುವೆ ಒಂದು ರೇಸಿನಲ್ಲಿ ದೋಣಿ ಮೂತಿ ಮುಂದಾಗಿ ಮಗುಚಿತು. ಅದನ್ನೂ ಸರಿ ಮಾಡಿಕೊಂಡು ಗೆದ್ದರು.

ಗೆಲ್ಲಬೇಕು ಅಂದರೆ ಚೆನ್ನಾಗಿ ಓಡಿಸೋನನ್ನು ಕೂರಿಸಲೇಬೇಕು. ಒಪ್ಪಿದೆ. ಆದರೆ ಆಗ ಒಂದು ಮಾತನ್ನು ಬಿಟ್ಟುಕೊಡಬೇಕಾಗುತ್ತೆ. ಬಾರ್ಕರ್‌ನನ್ನು ಇಳಿಸಿದ್ದು 'ತಂಡದ ಹಿತ' ಅನ್ನೋದಾದರೆ, ಕೂಟ್ಸ್ ಹೋಗಿದ್ದು 'ದೇಶದ್ರೋಹ' ಆಗೋಕೆ ಸಾಧ್ಯ ಇಲ್ಲ. ನಿಷ್ಠೆ ಇದ್ದರೆ ಎರಡೂ ಕಡೆ ಇರಬೇಕು. ಇಲ್ಲಾಂದ್ರೆ ಅದನ್ನು ಕರಾರು ಅಂತ ಕರೀರಿ, ನಿಷ್ಠೆ ಅನ್ನಬೇಡಿ.

ನಮ್ಮ ಆಫೀಸುಗಳಲ್ಲಿ ಇದನ್ನು ನೋಡದೇ ಇರೋರು ಯಾರಿದ್ದಾರೆ? ನನ್ನ ಹಿಂದಿನ ಒಂದು ಕಂಪನಿಯಲ್ಲಿ ಹಿರಿಯರೊಬ್ಬರಿದ್ದರು. ಹೊರಗಿಂದ ಬಂದ ಆಫರ್‌ಗಳನ್ನು ಒಂದೊಂದಾಗಿ ಬಿಟ್ಟು ಹದಿಮೂರು ವರ್ಷ ಅಲ್ಲೇ ಇದ್ದರು. ವರ್ಷಕ್ಕೊಂದು ಸಲ ಸ್ಟೇಜ್ ಮೇಲೆ ಕರೆದು 'ನಾವೆಲ್ಲ ಒಂದು ಕುಟುಂಬ' ಅಂತ ಹೇಳಿ ಅವರಿಗೆ ಶಾಲು ಹೊದಿಸುತ್ತಿದ್ದರು. ಒಂದು ಬುಧವಾರ ಹದಿನೈದು ನಿಮಿಷದ ಮೀಟಿಂಗ್ ಕರೆದು ಕಳಿಸಿಬಿಟ್ಟರು. ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಲಾಕ್. ಅದೇ ಕಂಪನಿಯಿಂದ ನಾನು ಬಿಟ್ಟು ಹೊರಟಾಗ, 'ನಿಮ್ಮನ್ನು ಬೆಳೆಸಿದ್ದು ನಾವು, ಹೀಗೆ ಮಾಡಬಾರದಿತ್ತು' ಅಂತ ಮ್ಯಾನೇಜರ್ ಮುಖ ಸಣ್ಣ ಮಾಡಿಕೊಂಡರು. ಆವತ್ತು ನನಗೆ ಬಾರ್ಕರ್ ನೆನಪಾದ.

ಈಗ ತಂಡದ ಕಡೆಗೆ ತಿರುಗೋಣ. 2013ರ ಪ್ರಯತ್ನಕ್ಕೆ ನ್ಯೂಜಿಲೆಂಡ್ ಸರ್ಕಾರ 36 ಮಿಲಿಯನ್ ಡಾಲರ್ ಕೊಟ್ಟಿತ್ತು, ಅವರ ಡಾಲರಿನಲ್ಲಿ. ತೆರಿಗೆದಾರರ ದುಡ್ಡು. 2021ರಲ್ಲಿ ಆಕ್ಲೆಂಡಿನಲ್ಲೇ ಇಟಲಿಯ ಲೂನಾ ರೊಸ್ಸಾ ತಂಡವನ್ನು 7-3ರಲ್ಲಿ ಸೋಲಿಸಿ ಕಪ್ ಉಳಿಸಿಕೊಂಡರು. ಕೊರೋನಾ ಕಾಲದಲ್ಲೂ ದಡದ ತುಂಬಾ ಜನ. ಗೆದ್ದೋರೇ ಮುಂದಿನ ಸಲ ಎಲ್ಲಿ ರೇಸ್ ಅಂತ ನಿರ್ಧಾರ ಮಾಡಬಹುದಿತ್ತು. ಮತ್ತೆ ಆಕ್ಲೆಂಡಿನಲ್ಲೇ ನಡೆಸಿ ಅಂತ ಸರ್ಕಾರ, ನಗರ ಆಡಳಿತ ಸೇರಿ ನಗದು, ಸೌಲಭ್ಯ ಎಲ್ಲಾ ಕೂಡಿಸಿ ಸುಮಾರು 99 ಮಿಲಿಯನ್ ಡಾಲರಿನ ಮಾತು ಕೊಟ್ಟವು. ತಂಡ ಸಾಲದು ಅಂತು. 2022ರಲ್ಲಿ ಸ್ಪೇನಿನ ಬಾರ್ಸಿಲೋನಾವನ್ನು ಆರಿಸಿತು. 2024ರಲ್ಲಿ ಅಲ್ಲಿ ಬ್ರಿಟನ್ ತಂಡವನ್ನು 7-2ರಲ್ಲಿ ಸೋಲಿಸಿ ಮೂರನೇ ಸಲ ಸಾಲಾಗಿ ಗೆದ್ದಿತು. ಮುಂದಿನದು ಇಟಲಿಯ ನೇಪಲ್ಸ್‌ನಲ್ಲಿ.

ಅಂದರೆ ಗೆದ್ದ ಕಪ್ ನ್ಯೂಜಿಲೆಂಡಿನದು, ನೋಡೋ ಭಾಗ್ಯ ಬಾರ್ಸಿಲೋನಾದ್ದು. ಕೆಂಪು ಕಾಲುಚೀಲ ಹಾಕಿದ್ದ ಮಕ್ಕಳು ಈಗ ಮಧ್ಯವಯಸ್ಸಿನೋರು. ಅವರು ಮತ್ತೆ ಟಿವಿಯಲ್ಲೇ ನೋಡಬೇಕು.

ತಂಡದ ಕಡೆಯಿಂದಲೂ ಒಂದು ನ್ಯಾಯ ಇದೆ, ಅದನ್ನು ಹೇಳಲೇಬೇಕು. 2000ದಲ್ಲಿ ಆದದ್ದನ್ನು ಅವರು ಮರೆತಿಲ್ಲ. ದುಡ್ಡಿಲ್ಲದ ತಂಡದಿಂದ ಸಾಹುಕಾರರು ಬಂದು ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗ್ತಾರೆ. ಜನರನ್ನು ಉಳಿಸಿಕೊಳ್ಳಬೇಕಾದರೆ ದುಡ್ಡು ಬೇಕು, ದುಡ್ಡು ಬೇಕಾದರೆ ಊರು ಬಿಡಬೇಕು. ಊರಿನ ಹೆಸರು ಉಳಿಸೋಕೆ ಊರನ್ನೇ ಬಿಡೋದು. ಇದು ಕುಹಕ ಅಲ್ಲ, ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಜಮೀನು ಉಳಿಸಿಕೊಳ್ಳೋಕೆ ಮಗ ದುಬೈಗೆ ಹೋಗ್ತಾನೆ. ಆ ತಂಡದ ಪೂರ್ತಿ ಹೆಸರಿನಲ್ಲೂ ದುಬೈ ಇದೆ ನೋಡಿ: ಎಮಿರೇಟ್ಸ್ ಟೀಮ್ ನ್ಯೂಜಿಲೆಂಡ್.

ಆಕ್ಲೆಂಡಿನ ಜನರಲ್ಲೂ ಎಲ್ಲರೂ ಅತ್ತಿಲ್ಲ. ಇಷ್ಟು ದುಡ್ಡು ಸಾಹುಕಾರರ ದೋಣಿಗೆ ಯಾಕೆ, ಆಸ್ಪತ್ರೆಗೆ ಹಾಕಿ ಅಂದೋರೂ ಇದ್ದರು. ಆ ಮಾತೂ ನ್ಯಾಯವೇ. ಹಾಗಾಗಿ ಇಲ್ಲಿ ಕೆಟ್ಟವರು ಯಾರು ಅಂತ ಹುಡುಕೋದು ನನ್ನ ಉದ್ದೇಶ ಅಲ್ಲ. ಹೊಣೆ ಯಾರ ಮೇಲೆ ಎಷ್ಟಿದೆ ಅನ್ನೋದು ಪ್ರಶ್ನೆ.

ನನಗೆ ಅನಿಸೋದು ಇಷ್ಟು. ಒಂದು ಊರಲ್ಲಿ ಹುಟ್ಟಿದ್ದು ನಮ್ಮ ಕೈಯಲ್ಲಿ ಇರಲಿಲ್ಲ. ಅದಕ್ಕೆ ಜೀವಮಾನ ಪೂರ್ತಿ ಕಂದಾಯ ಕಟ್ಟು ಅನ್ನೋಕೆ ಯಾರಿಗೂ ಹಕ್ಕಿಲ್ಲ. ಆದರೆ ಆ ಊರಿನ ಹೆಸರನ್ನು ಬಳಸೋದು ನಮ್ಮ ಕೈಯಲ್ಲೇ ಇದೆ. ಹುಟ್ಟಿದೋನಿಗಿಂತ ಹೆಸರು ಬಳಸೋನಿಗೆ ಹೊಣೆ ಜಾಸ್ತಿ. ಕೂಟ್ಸ್ ಅಲಿಂಗಿಗೆ ಹೋದಾಗ ನ್ಯೂಜಿಲೆಂಡಿನ ಹೆಸರನ್ನು ಅಲ್ಲೇ ಬಿಟ್ಟು ಹೋದ. ಅವನ ದೋಣಿಯ ಮೇಲೆ ಸ್ವಿಟ್ಜರ್ಲೆಂಡಿನ ಬಾವುಟ ಇತ್ತು. ತಂಡ ಮಾತ್ರ ಹೆಸರನ್ನು ಹೊತ್ತುಕೊಂಡೇ ಬಾರ್ಸಿಲೋನಾಕ್ಕೆ ಹೋಯ್ತು. ಆ ಹೆಸರಿಂದಲೇ ಅವರಿಗೆ ಜನರ ಪ್ರೀತಿ, ಸರ್ಕಾರದ ದುಡ್ಡು, ಎದುರಾಳಿಗಳ ಗೌರವ ಸಿಕ್ಕಿದ್ದು. ಹಾಗಾದರೆ ಜಾಸ್ತಿ ಪ್ರಶ್ನೆ ಕೇಳಬೇಕಾದದ್ದು ತಂಡವನ್ನೇ ಹೊರತು ಬಿಟ್ಟುಹೋದ ಒಬ್ಬ ನಾವಿಕನನ್ನಲ್ಲ. ನಾವು ಮಾಡೋದು ಉಲ್ಟಾ. ಹೋದ ಮನುಷ್ಯನಿಗೆ ಬೆದರಿಕೆ ಪತ್ರ, ಹೆಸರು ಹೊತ್ತ ಸಂಸ್ಥೆಗೆ ಶಾಲು.

ದೋಣಿಯಲ್ಲಿ ಯಾರು ಕೂತಿದ್ದಾರೆ ಅನ್ನೋದು ಕೂಡ ಈ ಲೆಕ್ಕದಲ್ಲಿ ಅಷ್ಟು ದೊಡ್ಡದಲ್ಲ. ನಿಯಮವೂ ಬಂದಿತ್ತು, ಓಡಿಸೋರಿಗೆ ಆ ದೇಶದ ಪಾಸ್‌ಪೋರ್ಟ್ ಇರಬೇಕು ಇಲ್ಲಾ ಅಲ್ಲಿ ಇಷ್ಟು ಕಾಲ ವಾಸ ಮಾಡಿರಬೇಕು ಅಂತ 2021ರ, 2024ರ ರೇಸುಗಳಲ್ಲಿ ಷರತ್ತು ಹಾಕಿದ್ದರು. ಆದರೂ 2017ರಲ್ಲಿ ನ್ಯೂಜಿಲೆಂಡ್ ತಂಡದ ನಾಯಕನಾಗಿದ್ದ ಗ್ಲೆನ್ ಆಶ್ಬಿ ಆಸ್ಟ್ರೇಲಿಯಾದವನು. 2024ರಲ್ಲಿ ಬರ್ಲಿಂಗ್ ಜೊತೆ ಇನ್ನೊಂದು ಚುಕ್ಕಾಣಿ ಹಿಡಿದಿದ್ದ ನೇಥನ್ ಔಟರಿಜ್ ಕೂಡ ಆಸ್ಟ್ರೇಲಿಯಾದವನೇ. ಅವರನ್ನು ಯಾರೂ ಬಾಡಿಗೆಯೋರು ಅನ್ನಲಿಲ್ಲ. ಬಂದು, ಇದ್ದು, ಜೊತೆಗೆ ದೋಣಿ ಕಟ್ಟಿದೋನು ನಮ್ಮೋನೇ ಆಗ್ತಾನೆ. ಇನ್ನು ಮೂರು ಸಲ ಕಪ್ ತಂದುಕೊಟ್ಟ ಬರ್ಲಿಂಗ್ 2025ರಲ್ಲಿ ತಂಡ ಬಿಟ್ಟ. ಸೇರಿದ್ದು ಇಟಲಿಯ ಲೂನಾ ರೊಸ್ಸಾ. ಇಪ್ಪತ್ತೈದು ವರ್ಷದ ಮೇಲೆ ಕೂಟ್ಸ್ ಕಥೆ ಮತ್ತೆ ಶುರು. ಬೇರೆಯವರ ಊರಲ್ಲಿ ರೇಸ್ ನಡೆಸೋಕೆ ಹೊರಟ ತಂಡಕ್ಕೆ ಅವನನ್ನು ಬೈಯೋ ಬಾಯಿ ಎಲ್ಲಿದೆ?

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಅನುಕೂಲ ಆಗ್ತಿತ್ತು. ಊರು ಬಿಟ್ಟೋನು ತಪ್ಪಿತಸ್ಥ ಅಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡು ಮಲಗಬಹುದಿತ್ತು. ಆದರೆ ನಾನೇ ಹಾಕಿದ ನಿಯಮ ನನಗೇ ತಿರುಗಿ ಬಂತು. ಹೆಸರು ಬಳಸೋನಿಗೆ ಹೊಣೆ ಜಾಸ್ತಿ ಅಂದೆನಲ್ಲ, ನಾನು ಎಷ್ಟು ಸಲ ಬಳಸಿದ್ದೀನಿ! ಇಂಟರ್‌ವ್ಯೂಗಳಲ್ಲಿ 'ಹಳ್ಳಿಯಿಂದ ಬಂದೋನು' ಅಂತ ಹೇಳಿಕೊಂಡು ಮೆಚ್ಚುಗೆ ಗಿಟ್ಟಿಸಿದ್ದೀನಿ. ಈ ಬರಹದಲ್ಲೇ ನೋಡಿ, ಕೆರೆ, ಹರಿಗೋಲು, ಜಗಲಿ, ಲಾಟೀನು. ಎಲ್ಲಾ ಊರಿನ ಬಂಡವಾಳ.

ನಮ್ಮೂರಲ್ಲಿ ಹಬ್ಬಕ್ಕೆ ವಾಲಿಬಾಲ್ ಟೂರ್ನಮೆಂಟ್ ಮಾಡ್ತಾರೆ. ಹುಡುಗರು ಫೋನ್ ಮಾಡಿ 'ಅಣ್ಣಾ, ಗೆಸ್ಟ್ ಪ್ಲೇಯರ್ ಇಬ್ಬರನ್ನ ಕರೆಸ್ತಾ ಇದ್ದೀವಿ, ಏನಾದ್ರೂ ಕೊಡಿ' ಅಂತಾರೆ. ನಾನು ಕೊಡ್ತೀನಿ. ಬಸ್ ಸ್ಟ್ಯಾಂಡಿನಲ್ಲಿ ಕಟ್ಟೋ ಬ್ಯಾನರಿನಲ್ಲಿ ನನ್ನ ಫೋಟೋ, ಕೆಳಗೆ 'ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು'. ದೋಣಿಯ ಹಾಯಿ ಮೇಲೆ ಎಮಿರೇಟ್ಸ್ ಇದ್ದ ಹಾಗೆ. ಹೋದ ವರ್ಷ ಬಾಡಿಗೆ ಆಟಗಾರರಿಂದ ನಮ್ಮೂರು ಗೆದ್ದಿತು. ನಮ್ಮ ಹುಡುಗರು ಮೂರು ಜನ ಪೂರ್ತಿ ಆಟ ಬೆಂಚಿನ ಮೇಲೆ ಕೂತು ಚಪ್ಪಾಳೆ ಹೊಡೆದರು. ಈ ಸಲ ಫೋನ್ ಬಂದಾಗ ಒಂದು ಷರತ್ತು ಹಾಕಿದೆ. ಗೆಸ್ಟ್ ಪ್ಲೇಯರ್ ಬರಲಿ, ಆದರೆ ನಾಲ್ಕು ದಿನ ಮುಂಚೆ ಬಂದು ನಮ್ಮ ಹುಡುಗರಿಗೆ ಆಡೋದು ಹೇಳಿಕೊಡಲಿ, ಆ ಖರ್ಚು ನನ್ನದು ಅಂತ. 'ಆಯ್ತಣ್ಣ' ಅಂದ ಹುಡುಗ. ಆಮೇಲೆ ಸುಮ್ಮನೆ ಕೇಳಿದ: 'ನೀವು ಯಾವಾಗ ಬರ್ತೀರಾ?'

ಮೇಷ್ಟ್ರು ಕೇಳಿದ್ದೂ ಇದನ್ನೇ. ನಿವೃತ್ತಿಯ ದಿನ ಕಾಲಿಗೆ ಬಿದ್ದಾಗ ತಲೆ ಮುಟ್ಟಿ ಹೇಳಿದ್ದರು: 'ಬಿಡುವಾದಾಗ ಬಂದು ನಮ್ಮ ಹುಡುಗರಿಗೆ ಒಂದು ಪಾಠ ಮಾಡಿ ಹೋಗಪ್ಪ.' ಬಂದು ಇರು ಅನ್ನಲಿಲ್ಲ. ದುಡ್ಡು ಕಳಿಸು ಅನ್ನಲಿಲ್ಲ. ಒಂದು ಪಾಠ. ಅದಾಗಿ ಆರು ವರ್ಷ ಆಯ್ತು. ಬ್ಯಾನರಿನಲ್ಲಿ ಆರು ಸಲ ಫೋಟೋ ಬಂದಿದೆ, ಪಾಠ ಒಂದೂ ಆಗಿಲ್ಲ.

ಡಿಸೆಂಬರ್ ಕೊನೆಯ ವಾರ ರಜ ಹಾಕಿದ್ದೀನಿ, ಮ್ಯಾನೇಜರ್ ಒಪ್ಪಿದ್ದಾರೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಹೇಳಿ ಹೋಗದೇ ಇದ್ದರೆ ಅನ್ನೋ ಭಯ. ಇಲ್ಲಿ ಬರೆದಿದ್ದೀನಲ್ಲ, ಇನ್ನು ಹೋಗಲೇಬೇಕು.